ಚಪ್ಪಟೆ ಹೂವು ಎದ್ದು ಕೂರುವಾಗ

ಹೋದ ವರ್ಷದ ದಸರಾ. ಮೈಸೂರಿನ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಕೆಳಗಿನ ಮೆಟ್ಟಿಲಿನ ಮುಂದೆ ತಟ್ಟೆಗಳಲ್ಲಿ ರಾಗಿ ಚೆಲ್ಲಿ ಹಸಿರು ಬೆಳೆಸಿದ್ದೆ. ಅದರ ಸುತ್ತ ಕಾಗದದ ಹೂವಿನ ತೋಟ. ಸೇವಂತಿಗೆ, ಗುಲಾಬಿ, ಚೆಂಡುಹೂವು, ಎಲ್ಲಾ ಸೇರಿ ಮುನ್ನೂರಕ್ಕೂ ಜಾಸ್ತಿ. ಎರಡು ತಿಂಗಳು ದಿನಾ ಸಂಜೆ ಕೂತು ಮಾಡಿದ್ದು. ಗೊಂಬೆ ನೋಡಲು ಬಂದ ದೊಡ್ಡಮ್ಮ ಒಬ್ಬರು ಬಗ್ಗಿ ನೋಡಿದರು. ಒಂದು ಸೇವಂತಿಗೆಯನ್ನು ಬೆರಳ ತುದಿಯಲ್ಲಿ ಮುಟ್ಟಿದರು. "ಎಷ್ಟು ಚೆನ್ನಾಗಿದೆ ಕಣೇ. ಎಲ್ಲಾ ನೀನೇ ಕತ್ತರಿಸಿದ್ದಾ?" ಅಂದರು. "ಇಲ್ಲ ದೊಡ್ಡಮ್ಮ, ಪಂಚ್ ಇದೆ. ಅದರಲ್ಲಿ ಒತ್ತಿದ್ದು" ಅಂದೆ. "ಓ, ಮಷಿನ್ನಾ. ನಾನು ಕೈಯಲ್ಲೇ ಮಾಡಿದ್ದು ಅಂದ್ಕೊಂಡೆ" ಅಂದರು. ಅರಿಶಿನ ಕುಂಕುಮ ತಗೊಂಡರು. ಮೊಮ್ಮಗಳಿಗೆ ಗೊಂಬೆ ಬಾಗಿನ ಇಸ್ಕೊಂಡು ಹೊರಟರು.

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಅವರು ಅಂಥವರಲ್ಲ. ಆದರೂ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಆಮೇಲೆ ಪಂಚ್ ಕೈಗೆ ತಗೊಂಡಾಗೆಲ್ಲ ಅದು ನೆನಪಾಗುತ್ತದೆ. ಹಾಗಾದರೆ ಈ ಹೂವಿನಲ್ಲಿ ನನ್ನ ಕೈ ಎಲ್ಲಿದೆ? ಆಕಾರ ನನ್ನದಲ್ಲ, ಅದು ನಿಜ. ಅಂಗಡಿಯಲ್ಲಿ ಈ ಪಂಚ್ ಕೊಂಡ ಎಲ್ಲರಿಗೂ ಇದೇ ಆರು ಎಸಳಿನ ಹೂವು ಬೀಳುತ್ತದೆ. ಒಳಗೆ ಹೂವಿನ ಆಕಾರದ ಒಂದು ಉಕ್ಕಿನ ಅಚ್ಚು ಇರುತ್ತದೆ. ಅದರ ಕೆಳಗೆ ಅದೇ ಆಕಾರದ ತೂತಿರುವ ಉಕ್ಕಿನ ಹಲಗೆ. ನಡುವೆ ಕಾಗದ. ಮೇಲಿನ ಹಿಡಿ ಒತ್ತಿದರೆ ಅಚ್ಚು ತೂತಿನೊಳಗೆ ಇಳಿಯುತ್ತದೆ, ಕಾಗದ ಕತ್ತರಿಸಿ ಬೀಳುತ್ತದೆ. ಒಂದು ಸೆಕೆಂಡಿನ ಕೆಲಸ. ನಾನು ಒತ್ತಿದರೂ ಅದೇ, ಪಕ್ಕದ ಮನೆಯ ಮಗು ಒತ್ತಿದರೂ ಅದೇ. ಅಷ್ಟರ ಮಟ್ಟಿಗೆ ದೊಡ್ಡಮ್ಮ ಹೇಳಿದ್ದು ಸರಿ.

ಆದರೆ ಬಿದ್ದಿದ್ದನ್ನು ಅಂಗೈಯಲ್ಲಿಟ್ಟು ನೋಡಿ. ಅದು ಹೂವಿನ ಆಕಾರದ ಒಂದು ಬಿಲ್ಲೆ. ಚಪ್ಪಟೆ. ಮೇಜಿನ ಮೇಲೆ ಇಟ್ಟರೆ ಅದಕ್ಕೆ ನೆರಳೇ ಇರುವುದಿಲ್ಲ.

ಅಪ್ಪನ ಆಫೀಸಿನ ಚುಕ್ಕಿಗಳು

ನನಗೆ ಪಂಚ್ ಮೊದಲು ಪರಿಚಯವಾಗಿದ್ದು ಅಪ್ಪನ ಆಫೀಸಿನಲ್ಲಿ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬೇಸಿಗೆ ರಜೆಯಲ್ಲಿ ಶನಿವಾರ ಒಮ್ಮೊಮ್ಮೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಮೇಜಿನ ತುಂಬ ಫೈಲು, ಹಸಿರು ಟ್ಯಾಗಿನ ಕಟ್ಟು, ಗೋಂದಿನ ಬಾಟಲಿ, ಒಂದು ಭಾರದ ಪಂಚಿಂಗ್ ಮಷಿನ್. ಅಪ್ಪ ಕಾಗದಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿ ಮಾಡುತ್ತಿದ್ದರು. ಆಮೇಲೆ ಮಧ್ಯಕ್ಕೆ ಮಡಚಿ ಗುರುತು ಮಾಡಿ, ಅಂಗೈ ಊರಿ ಒಂದೇ ಸಲ ಒತ್ತುತ್ತಿದ್ದರು. ಗಡಕ್ ಅಂತ ಸದ್ದು. ಸಂಜೆ ಹೊರಡುವಾಗ ಮಷಿನ್ನಿನ ತಳದ ಮುಚ್ಚಳ ತೆಗೆದು ಹಳೇ ಲಕೋಟೆಯೊಳಗೆ ಚುಕ್ಕಿಗಳನ್ನು ಸುರಿದುಕೊಡುತ್ತಿದ್ದರು. ಬಿಳಿ, ತಿಳಿ ಹಳದಿ, ಕಾರ್ಬನ್ ಪ್ರತಿಯ ತೆಳು ಗುಲಾಬಿ. ಕೆಲವದರ ಮೇಲೆ ಅರ್ಧ ಅಕ್ಷರ. ಮನೆಗೆ ಬಂದು ಅನ್ನದ ಅಗುಳು ಹಚ್ಚಿ ಅವನ್ನು ನೋಟ್‌ಬುಕ್ಕಿನಲ್ಲಿ ಹೂವಿನ ಹಾಗೆ ಅಂಟಿಸುತ್ತಿದ್ದೆ.

ಸಿಟಿ ಬಸ್ಸಿನಲ್ಲೂ ಒಂದು ಪಂಚ್ ಇತ್ತು, ನೆನಪಿದೆಯಾ? ಟಿಕೆಟ್ ಮಷಿನ್ ಬರುವುದಕ್ಕೆ ಮುಂಚೆ. ಕಂಡಕ್ಟರ್ ಬಣ್ಣದ ಟಿಕೆಟ್ ಹರಿದು, ಇಕ್ಕಳದಂಥ ಪಂಚಿನಲ್ಲಿ ಟಿಕ್ ಅಂತ ತೂತು ಹಾಕಿ ಕೊಡುತ್ತಿದ್ದರು. ಅದೇ ಇಕ್ಕಳದಲ್ಲಿ ಕಂಬಿಗೆ ಬಡಿದು "ಟಿಕೆಟ್ ಟಿಕೆಟ್" ಅನ್ನುತ್ತಿದ್ದರು. ಆ ಟಿಕೆಟ್ಟಿನಿಂದ ಉದುರಿದ ಚೂರುಗಳನ್ನು ಹೆಕ್ಕಬೇಕು ಅಂತ ನನಗೆ ಆಸೆ. ಅಮ್ಮ ಬಿಡುತ್ತಿರಲಿಲ್ಲ.

ಫೈಲಿಗೆ ತೂತು ಹಾಕುವ ಈ ಸಾಧನಕ್ಕೆ ಜರ್ಮನಿಯ ಬಾನ್ ಊರಿನ ಫ್ರೀಡ್ರಿಶ್ ಸೊಯೆನೆಕೆನ್ ಅನ್ನುವವರು 1886ರಲ್ಲಿ ಪೇಟೆಂಟ್ ಪಡೆದರು. ಕಚೇರಿ ಸಾಮಾನು ತಯಾರಿಸುತ್ತಿದ್ದವರು. ಅವರಿಗೆ ಬೇಕಾಗಿದ್ದು ತೂತು. ತಳಕ್ಕೆ ಬಿದ್ದ ಚುಕ್ಕಿ ಕಸ. ನಾನು ಹೂವು ಒತ್ತುವ ಕ್ರಾಫ್ಟ್ ಪಂಚಿನಲ್ಲಿ ಇದು ಉಲ್ಟಾ ಆಗುತ್ತದೆ. ಬಿದ್ದದ್ದೇ ಬೇಕಾದದ್ದು, ಉಳಿದ ತೂತಿನ ಹಾಳೆ ಕಸ. ಕಸ ಅಂತ ನಾನು ಸುಮ್ನೆ ಹೇಳಿದೆ, ಅದನ್ನೂ ಎಸೆಯುವುದಿಲ್ಲ. ಹೂವಿನ ತೂತು ತುಂಬಿದ ಹಾಳೆಯನ್ನು ಗೊಂಬೆಯ ಅರಮನೆಗೆ ಕಿಟಕಿ ಜಾಲರಿ ಮಾಡಬಹುದು. ಹಿಂದೆ ದೀಪ ಇಟ್ಟರೆ ಗೋಡೆ ತುಂಬ ಹೂವು.

ಒದ್ದೆ ಕಾಗದದ ಮೇಲೆ ಚಮಚ

ಬಿಲ್ಲೆ ಹೂವಾಗುವುದು ಆಮೇಲೆ. ಕಾಗದ ಅಂದರೆ ನಾರು. ಮರದ ನಾರು ನೀರಿನಲ್ಲಿ ತೇಲಿ, ಒಂದರ ಮೇಲೊಂದು ಕೂತು, ಒಣಗಿ ಹಾಳೆಯಾಗಿದೆ. ಮತ್ತೆ ನೀರು ತಾಗಿದರೆ ನಾರು ಉಬ್ಬುತ್ತದೆ, ಒಂದನ್ನೊಂದು ಹಿಡಿದ ಬಿಗಿ ಸಡಿಲವಾಗುತ್ತದೆ. ಆ ಹೊತ್ತಿನಲ್ಲಿ ಹೇಗೆ ಬಗ್ಗಿಸಿದರೆ ಹಾಗೆ ಬಗ್ಗುತ್ತದೆ. ಒಣಗಿದ ಮೇಲೆ ಹಾಗೇ ನಿಲ್ಲುತ್ತದೆ. ಮಳೆಯಲ್ಲಿ ನೆನೆದ ಪೇಪರ್ ಒಣಗಿದಾಗ ಅಲೆ ಅಲೆಯಾಗಿ ಸೆಟೆದುಕೊಳ್ಳುತ್ತದಲ್ವಾ, ಅದೇ. ಆದರೆ ನೀರು ಹದವಾಗಿರಬೇಕು. ನಾನು ಒದ್ದೆ ಬಟ್ಟೆಯೊಂದನ್ನು ಚೆನ್ನಾಗಿ ಹಿಂಡಿ, ಅದರ ಮಡಿಕೆಯಲ್ಲಿ ಹತ್ತಿಪ್ಪತ್ತು ಬಿಲ್ಲೆ ಇಟ್ಟು ಒಂದು ನಿಮಿಷ ಬಿಡುತ್ತೇನೆ. ಕಾಗದ ತಣ್ಣಗಾಗಬೇಕು, ಬೆರಳಿಗೆ ಅಂಟಬಾರದು. ಜಾಸ್ತಿ ಆದರೆ ಎಸಳು ಒತ್ತುವಾಗಲೇ ಹರಿಯುತ್ತದೆ. ಕೆಲವು ಕಾಗದ ಬಣ್ಣವನ್ನೂ ಬಿಡುತ್ತದೆ.

ಒತ್ತಲು ತುದಿಯಲ್ಲಿ ಗುಂಡು ಇರುವ ಸಾಧನ ಸಿಗುತ್ತದೆ. ನನಗೆ ಸಣ್ಣ ಸ್ಟೀಲ್ ಚಮಚದ ಬೆನ್ನು, ಇಂಕ್ ಮುಗಿದ ಬಾಲ್ ಪೆನ್ನು ಇಷ್ಟೇ ಸಾಕಾಗಿದೆ. ಕೆಳಗೆ ಮೆತ್ತನೆಯದು ಬೇಕು. ಹಳೇ ಹವಾಯಿ ಚಪ್ಪಲಿಯ ಅಟ್ಟೆಯನ್ನು ತೊಳೆದು ಇಟ್ಟುಕೊಂಡಿದ್ದೇನೆ, ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಎಸಳಿನ ಮೇಲೆ ಚಮಚದ ಬೆನ್ನನ್ನು ಸಣ್ಣಗೆ ಸುತ್ತು ಸುತ್ತಾಗಿ ಉಜ್ಜಿದರೆ ಎಸಳು ದೊನ್ನೆಯಂತೆ ಒಳಕ್ಕೆ ಗುಳಿ ಬೀಳುತ್ತದೆ. ಆರೂ ಎಸಳು ಆದ ಮೇಲೆ ನಡುವೆ ಪೆನ್ನಿನ ತುದಿ ಊರಿದರೆ ಇಡೀ ಹೂವು ಎದ್ದು ನಿಲ್ಲುತ್ತದೆ. ಹೂವನ್ನು ಬೋರಲು ಹಾಕಿ ಎಸಳಿನ ತುದಿಯನ್ನು ಮಾತ್ರ ಒತ್ತಿದರೆ ತುದಿ ಹೊರಕ್ಕೆ ಸುರುಳಿಯಾಗುತ್ತದೆ, ಅರಳಿ ಎರಡು ದಿನವಾದ ಗುಲಾಬಿಯ ಹಾಗೆ. ಎಷ್ಟು ಒತ್ತಬೇಕು ಅನ್ನುವುದು ಹೇಳಿ ಬರುವುದಲ್ಲ. ಕಾಗದ ಸ್ವಲ್ಪ ಜಾರಿ ಮೆತ್ತಗಾಗುವುದು ಬೆರಳಿಗೆ ಗೊತ್ತಾಗುತ್ತದೆ.

ಕಾಗದದ ದಪ್ಪವೂ ಮುಖ್ಯ. ಜೆರಾಕ್ಸ್ ಹಾಳೆ 75 ಅಥವಾ 80 ಜಿಎಸ್‌ಎಂ. ಒಂದು ಚದರ ಮೀಟರ್ ಹಾಳೆ ಅಷ್ಟು ಗ್ರಾಂ ತೂಗುತ್ತದೆ ಅಂತ ಲೆಕ್ಕ. ಅದು ಬೇಗ ಬಗ್ಗುತ್ತದೆ, ಬೇಗ ಸೋಲುತ್ತದೆ. ಮದುವೆ ಕಾಗದ ದಪ್ಪ. ಮೇಲೆ ಹೊಳಪಿನ ಪದರ ಇದ್ದರೆ ನೀರು ಇಳಿಯುವುದಿಲ್ಲ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ನನಗೆ 120ರಿಂದ 160ರವರೆಗಿನ ಬಣ್ಣದ ಹಾಳೆ ಸರಿಹೋಗಿದೆ. ಕೈಯಲ್ಲಿ ಮಾಡಿದ ಹತ್ತಿಯ ಕಾಗದ ನೋಡಲು ಬಹಳ ಚೆನ್ನ. ಆದರೆ ಉದ್ದ ನಾರು ಪಂಚಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಆಗ ಜೋರು ಮಾಡಿ ಒತ್ತಬಾರದು. ನಿಧಾನಕ್ಕೆ ಹಾಳೆ ಹಿಂದೆ ಎಳೆಯಬೇಕು. ಪಂಚು ಮೊಂಡಾದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಎರಡು ಮೂರು ಮಡಿಕೆ ಮಾಡಿ ಹತ್ತು ಸಲ ಒತ್ತುತ್ತೇನೆ. ಬಿಗಿಯಾದರೆ ಮೇಣದ ಕಾಗದ. ಇನ್ನೊಂದು, ಪಂಚನ್ನು ತಲೆಕೆಳಗಾಗಿ ಹಿಡಿದರೆ ಎಲ್ಲಿ ಕತ್ತರಿಸುತ್ತಿದ್ದೇವೆ ಅಂತ ಕಾಣುತ್ತದೆ. ಹಾಳೆ ಎಷ್ಟೋ ಉಳಿಯುತ್ತದೆ.

ಹಾಳೆಗೆ ಒಂದು ದಿಕ್ಕೂ ಇದೆ. ಕಾರ್ಖಾನೆಯಲ್ಲಿ ಹಾಳೆ ಓಡುವಾಗ ನಾರುಗಳು ಹೆಚ್ಚಾಗಿ ಓಡಿದ ಕಡೆಗೇ ಮಲಗಿರುತ್ತವೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ಕಡೆ ಸಲೀಸು, ಇನ್ನೊಂದು ಕಡೆ ಹಟ. ಹಾಗಾಗಿ ಒಂದೇ ಬಿಲ್ಲೆಯಲ್ಲಿ ಎರಡು ಎಸಳು ಬೇಗ ಸುರುಳಿಯಾಗುತ್ತವೆ, ಎರಡು ತಡೆಯುತ್ತವೆ. ಮೊದಮೊದಲು ಎಲ್ಲವನ್ನೂ ಒಂದೇ ಸಮ ಮಾಡಲು ಒದ್ದಾಡುತ್ತಿದ್ದೆ. ಈಗ ಹಟ ಮಾಡುವ ಎಸಳನ್ನು ಹಿಂದಕ್ಕೆ ತಿರುಗಿಸಿ ಅಂಟಿಸುತ್ತೇನೆ.

ಗುಲಾಬಿಯ ಲೆಕ್ಕ ನನಗೆ ತುಂಬ ಇಷ್ಟ. ಆರೆಸಳಿನ ನಾಲ್ಕು ಬಿಲ್ಲೆ ತಗೊಳ್ಳಿ. ಒಂದನ್ನು ಹಾಗೇ ಬಿಡಿ. ಎರಡನೆಯದರಿಂದ ಒಂದು ಎಸಳು ಕತ್ತರಿಸಿ ತೆಗೆಯಿರಿ, ಐದು ಮತ್ತು ಒಂದು. ಮೂರನೆಯದರಿಂದ ಎರಡು, ಅಂದರೆ ನಾಲ್ಕು ಮತ್ತು ಎರಡು. ನಾಲ್ಕನೆಯದನ್ನು ಅರ್ಧ ಮಾಡಿದರೆ ಮೂರು, ಮೂರು. ಒಂದು ಮೂರನ್ನು ಮುಂದಿನ ಹೂವಿಗೆ ಎತ್ತಿಡಿ. ಕತ್ತರಿಸಿದ ಅಂಚನ್ನು ಒಂದರ ಮೇಲೊಂದು ತಂದು ಅಂಟಿಸಿದರೆ ಪ್ರತಿಯೊಂದೂ ಲಾಲಿಕೆಯ ಹಾಗೆ ಬಟ್ಟಲಾಗುತ್ತದೆ, ಎಸಳು ಕಡಿಮೆಯಾದಷ್ಟೂ ಕಡಿದಾಗಿ. ಒಂಟಿ ಎಸಳನ್ನು ಸುತ್ತಿದರೆ ಮೊಗ್ಗು. ಆರರೊಳಗೆ ಐದು, ಐದರೊಳಗೆ ನಾಲ್ಕು, ಹೀಗೆ ಕೂರಿಸುತ್ತಾ ಹೋದರೆ ಗುಲಾಬಿ. ಫೆವಿಕಾಲ್ ನಡುವೆ ಮಾತ್ರ, ಹಲ್ಲುಕಡ್ಡಿಯ ತುದಿಯಷ್ಟು. ಎಸಳಿಗೆ ತಾಗಿದರೆ ಅದು ಕೆಳಗಿನದಕ್ಕೆ ಅಂಟಿ ಮತ್ತೆ ಚಪ್ಪಟೆ. ಸೇವಂತಿಗೆಗೆ ದೊಡ್ಡದರಿಂದ ಚಿಕ್ಕದಕ್ಕೆ ಐದಾರು ಬಿಲ್ಲೆ, ಪ್ರತಿಯೊಂದನ್ನೂ ಅರ್ಧ ಎಸಳು ತಿರುಗಿಸಿ ಇಡಬೇಕು. ಚೆಂಡುಹೂವು ಸುಲಭ. ಅಂಚು ನೆರಿಗೆಯಿರುವ ಬಿಲ್ಲೆಗಳನ್ನು ಒದ್ದೆ ಮಾಡಿ, ಸೂಜಿಗೆ ಪೋಣಿಸಿ, ಮುಷ್ಟಿಯಲ್ಲಿ ಹಿಂಡಿ ಬಿಡಿಸಿದರೆ ಆಯಿತು.

ಇಷ್ಟೆಲ್ಲ ಆದ ಮೇಲೆ ಎಸಳಿನ ಕೆಳಗೆ ಒಂದೆರಡು ಮಿಲಿಮೀಟರ್ ಜಾಗ ಸಿಗುತ್ತದೆ. ಅಲ್ಲಿ ನೆರಳು ಬಂದು ಕೂರುತ್ತದೆ. ತಲೆ ಮೇಲಿನ ಟ್ಯೂಬ್‌ಲೈಟಿನಲ್ಲಿ ಅದು ಅಷ್ಟು ಕಾಣುವುದಿಲ್ಲ. ಗೊಂಬೆಯ ಮುಂದೆ ಸಂಜೆ ದೀಪ ಹಚ್ಚಿದಾಗ, ಬೆಳಕು ಕೆಳಗಿನಿಂದ ಓರೆಯಾಗಿ ಬಂದಾಗ, ಪ್ರತಿ ಎಸಳೂ ಬೇರೆ ಬೇರೆಯಾಗಿ ಕಾಣುತ್ತದೆ. ಒಂದೇ ಹಳದಿ ಹಾಳೆ ನಾಲ್ಕು ಹಳದಿಯಾಗುತ್ತದೆ.

ಅಜ್ಜಿಯ ಮರದ ಅಚ್ಚು

ದೊಡ್ಡಮ್ಮನ ಮಾತು ಯೋಚಿಸುತ್ತಾ ನನಗೆ ಅಜ್ಜಿಯ ಸಕ್ಕರೆ ಅಚ್ಚು ನೆನಪಾಯಿತು. ಸಂಕ್ರಾಂತಿಗೆ ಹದಿನೈದು ದಿನ ಮುಂಚೆ ಅಟ್ಟದಿಂದ ಮರದ ಅಚ್ಚಿನ ಡಬ್ಬ ಇಳಿಯುತ್ತಿತ್ತು. ನವಿಲು, ಬೃಂದಾವನ, ಮೀನು, ದೇವಸ್ಥಾನದ ಗೋಪುರ. ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಜೋಡಿ ಸೇರಿಸಿ, ದಾರ ಸುತ್ತಿ ಸಾಲಾಗಿ ನಿಲ್ಲಿಸುವುದು ನಮ್ಮ ಕೆಲಸ. ಪಾಕ ಅಜ್ಜಿಯದು. ಸಕ್ಕರೆ ಕರಗಿದ ಮೇಲೆ ಒಂದು ಚಮಚ ಹಾಲು ಹಾಕಿ ಕೊಳೆ ತೆಗೆದು ಸೋಸುತ್ತಿದ್ದರು. ಸ್ವಲ್ಪ ಸ್ವಲ್ಪವೇ ಚಿಕ್ಕ ಪಾತ್ರೆಗೆ ಬಗ್ಗಿಸಿಕೊಂಡು ಕಾಯಿಸುತ್ತಿದ್ದರು, ಒಟ್ಟಿಗೆ ಕಾಯಿಸಿದರೆ ಹುಯ್ಯುವಷ್ಟರಲ್ಲಿ ಗಟ್ಟಿ. ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಕಟ್ಟಲು ಶುರುವಾದ ತಕ್ಷಣ ಸೌಟು ತಿರುಗಿಸುವ ಕೈ ಜೋರಾಗುತ್ತಿತ್ತು. ಆಗ ಯಾರೂ ಮಾತಾಡುವಂತಿಲ್ಲ. ಅಚ್ಚಿಗೆ ಹುಯ್ದು, ಆರಿ, ದಾರ ಬಿಚ್ಚಿದರೆ ನವಿಲು.

ಆ ನವಿಲಿನ ಅಚ್ಚು ನಮ್ಮ ಬೀದಿಯ ಆರೇಳು ಮನೆ ಸುತ್ತಿ ಬರುತ್ತಿತ್ತು. ಎಲ್ಲರ ಮನೆಯಲ್ಲೂ ಅದೇ ನವಿಲು. ಆದರೂ ಎಳ್ಳು ಬೀರಿ ಬಂದ ಮೇಲೆ ತಟ್ಟೆಯಲ್ಲಿ ಇಟ್ಟರೆ ಯಾವುದು ಯಾರ ಮನೆಯದು ಅಂತ ಅಜ್ಜಿ ನೋಡಿದ ಕೂಡಲೇ ಹೇಳುತ್ತಿದ್ದರು. ಒಬ್ಬರದು ಹಾಲಿನಂತೆ ಬಿಳುಪು, ಒಬ್ಬರದು ಮಂಕು, ಒಬ್ಬರದರ ಕೊಕ್ಕು ಮುರಿದಿದೆ. ಅಚ್ಚಿನಿಂದ ಮಾಡಿದ್ದು, ಆದ್ದರಿಂದ ಕೈಯಲ್ಲಿ ಮಾಡಿದ್ದಲ್ಲ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಚಕ್ಕುಲಿ ಒರಳಿಗೂ, ಶಾವಿಗೆ ಒರಳಿಗೂ ಯಾರೂ ಹೇಳುವುದಿಲ್ಲ. ಹಿಟ್ಟಿನ ಹದ ಯಾರದು ಅಂತ ಕೇಳುತ್ತೇವೆ. ದೊಡ್ಡಮ್ಮನಿಗೆ ಆವತ್ತು ಇದನ್ನು ಹೇಳಬೇಕಿತ್ತು. ಹೊಳೆದದ್ದು ತಡವಾಗಿ.

ಎಡಗೈ

ಅಪ್ಪನಿಗೆ ನಿವೃತ್ತಿಯಾದ ಮೇಲೆ ಸ್ಟ್ರೋಕ್ ಆಯಿತು. ನಡೆಯುತ್ತಾರೆ, ಮಾತು ಸರಿಯಾಗಿದೆ. ಬಲಗೈ ಬೆರಳು ಮಾತ್ರ ಪೂರ್ತಿ ಮಡಚಲು ಬರುವುದಿಲ್ಲ. ಕತ್ತರಿ ಹಿಡಿಯಲು ಆಗುವುದಿಲ್ಲ. ದಿನವಿಡೀ ಕಿಟಕಿ ಪಕ್ಕ ಕೂರುತ್ತಿದ್ದರು. ಈ ಸಲ ಯುಗಾದಿ ಕಳೆದ ಮೇಲೆ ಒಂದು ಸಂಜೆ ನಾನು ಹಾಳೆ ಹರಡಿಕೊಂಡು ಕೂತಿದ್ದಾಗ ಹತ್ತಿರ ಬಂದರು. "ಪುಟ್ಟಿ, ಅದನ್ನ ನಾನು ಒತ್ತಲಾ?" ಅಂದರು. ಪಂಚನ್ನು ಮೇಜಿನ ಮೇಲಿಟ್ಟು ಹಾಳೆ ತೂರಿಸಿಕೊಟ್ಟೆ. ಎಡ ಅಂಗೈ ಊರಿ, ಭುಜದ ಭಾರ ಹಾಕಿ ಒಂದೇ ಸಲ ಒತ್ತಿದರು. ಗಡಕ್. ಮೂವತ್ತು ವರ್ಷ ಫೈಲಿಗೆ ತೂತು ಹಾಕಿದ ಅದೇ ಒತ್ತು.

ಆವತ್ತಿನಿಂದ ಒತ್ತುವುದು ಅಪ್ಪನ ಕೆಲಸ. ಕತ್ತರಿ ಹಿಡಿಯಲಾಗದ ಕೈಗೆ ಈ ಹಿಡಿ ಒಗ್ಗಿತು. ಪಂಚ್ ಬಗ್ಗೆ ನನಗಿದ್ದ ಅಳುಕು ಅರ್ಧ ಹೋಗಿದ್ದು ಅಲ್ಲೇ. ಇಂಗ್ಲೆಂಡಿನ ಮೇರಿ ಡಿಲೇನಿ ಅನ್ನುವವರ ಬಗ್ಗೆ ಅಪ್ಪನಿಗೆ ಹೇಳಿದೆ. 1772ರಲ್ಲಿ, 72ನೇ ವಯಸ್ಸಿನಲ್ಲಿ, ಜೆರೇನಿಯಂ ಎಸಳಿನ ಬಣ್ಣವೂ ಕೈಯಲ್ಲಿದ್ದ ಕಾಗದದ ಬಣ್ಣವೂ ಒಂದೇ ಇದೆ ಅಂತ ಅವರಿಗೆ ಕಂಡಿತು. ಅಲ್ಲಿಂದ ಕಾಗದದ ಚೂರುಗಳನ್ನು ಒಂದರ ಮೇಲೊಂದು ಅಂಟಿಸಿ ಹೂವು ಮಾಡುತ್ತಾ ಹೋದರು. 1782ರಲ್ಲಿ ಕಣ್ಣು ಸೋಲುವವರೆಗೂ ಮಾಡಿದರು. ಸಾವಿರಕ್ಕೆ ಹತ್ತಿರ ಹತ್ತಿರ ಹೂವು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಪ್ಪ ಫೋನಿನಲ್ಲಿ ಆ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. "ಆಯಮ್ಮ ಕತ್ತರೀಲಿ ಮಾಡಿದ್ದು" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಆ ಚಮಚ ಕೊಡು ಇಲ್ಲಿ" ಅಂದರು.

ಎಡಗೈಯಲ್ಲಿ ಚಮಚ ಸುತ್ತು ಸುತ್ತಾಗಿ ಉಜ್ಜಲು ಅವರಿಗೆ ಬರಲಿಲ್ಲ. ಕೈ ಒಂದೇ ಕಡೆಗೆ ಎಳೆಯುತ್ತಿತ್ತು. ಎಸಳೆಲ್ಲ ಗಾಳಿಗೆ ಸಿಕ್ಕ ಹಾಗೆ ಒಂದು ಪಕ್ಕಕ್ಕೆ ವಾಲಿದವು. ಸೇವಂತಿಗೆಯ ಪದರದಲ್ಲಿ ಅವು ಕೂರಲಿಲ್ಲ. ಅಪ್ಪನ ಮುಂದೆ ಏನೂ ಹೇಳದೆ ಬೇರೆ ಡಬ್ಬದಲ್ಲಿ ಹಾಕಿಟ್ಟೆ. ಮೂರು ದಿನವಾದ ಮೇಲೆ ಬೆಳಿಗ್ಗೆ ಕಾಂಪೌಂಡಿನ ಪಕ್ಕ ಅಮ್ಮನ ಜೊತೆ ಕನಕಾಂಬರ ಬಿಡಿಸುತ್ತಿದ್ದೆ. ಎಷ್ಟು ವರ್ಷದಿಂದ ಬಿಡಿಸಿದ್ದೇನೆ, ಮುಡಿದಿದ್ದೇನೆ. ಆವತ್ತು ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ. ಕನಕಾಂಬರದ ಎಸಳು ಸುತ್ತಲೂ ಇರುವುದಿಲ್ಲ. ಐದೂ ಒಂದೇ ಕಡೆಗೆ ಬೀಸಣಿಗೆಯಂತೆ ಹರಡಿರುತ್ತವೆ. ಹೂವನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಓಡಿದೆ. ಡಬ್ಬದಲ್ಲಿದ್ದದ್ದು ಅದೇ ವಾಲು.

ಹತ್ತು ಎಸಳಿನ ಬಿಲ್ಲೆಯನ್ನು ಅರ್ಧ ಕತ್ತರಿಸಿದರೆ ಒಂದು ಪಕ್ಕಕ್ಕೆ ಐದು ಎಸಳು. ಎರಡು ಕನಕಾಂಬರ. ಅಪ್ಪ ಚಮಚ ಎಳೆಯುತ್ತಾರೆ, ಎಸಳು ಹೊರಕ್ಕೆ ಬಾಗುತ್ತದೆ. ನಾನೂ ಪ್ರಯತ್ನಿಸಿದೆ. ನನ್ನ ಕೈ ಅಭ್ಯಾಸದಂತೆ ಸುತ್ತುತ್ತದೆ, ದೊನ್ನೆಯಾಗಿಬಿಡುತ್ತದೆ. ಅಪ್ಪ ಮಾಡಿದ್ದನ್ನು ನಿಜವಾದ ಹೂವಿನ ಪಕ್ಕ ಇಟ್ಟು ನೋಡಿದ ಅಮ್ಮ, "ಎಸಳೇನೋ ಸರಿ. ತೊಟ್ಟೆಲ್ಲಿ? ತೊಟ್ಟಿಲ್ಲದ ಹೂವನ್ನ ಹೇಗೆ ಕಟ್ಟೋದು?" ಅಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಕನಕಾಂಬರಕ್ಕೆ ಕೆಳಗೆ ದಾರದಂಥ ಸಣ್ಣ ಕೊಳವೆ ಇರುತ್ತದೆ. ಕಟ್ಟುವಾಗ ದಾರ ಬಿಗಿಯುವುದು ಅದನ್ನೇ. ಎರಡು ದಿನ ಏನೇನೋ ಮಾಡಿದೆವು. ತಂತಿ ಹಾಕಿದರೆ ಹೂವು ಬಗ್ಗುವುದಿಲ್ಲ. ಬರೀ ದಾರ ಅಂಟಿಸಿದರೆ ಕಿತ್ತು ಬರುತ್ತದೆ. ಕೊನೆಗೆ ಅಮ್ಮನೇ ಜೆರಾಕ್ಸ್ ಹಾಳೆಯ ಸಣ್ಣ ಪಟ್ಟಿಯೊಂದನ್ನು ನೀರು ಮುಟ್ಟಿಸಿ, ಮಂಡಿಯ ಮೇಲೆ ಬತ್ತಿ ಹೊಸೆದ ಹಾಗೆ ಹೊಸೆದಳು. ಒಣಗಿದಾಗ ಗಟ್ಟಿ, ಸಣ್ಣ, ಸ್ವಲ್ಪ ಬಳುಕು. ಅರ್ಧ ಬಿಲ್ಲೆಯ ಬುಡವನ್ನು ಅದರ ಸುತ್ತ ಚಿವುಟಿ ಅಂಟಿಸಿದೆವು. ತೊಟ್ಟಿನ ಬಣ್ಣವೂ ಎಸಳಿಗಿಂತ ತಿಳಿಯಾಗಿ ಬಂತು, ಹೂವಿನಲ್ಲಿ ಇರುವ ಹಾಗೇ.

ಈಗ ಊಟವಾದ ಮೇಲೆ ಮೂವರೂ ಮೇಜಿನ ಸುತ್ತ ಕೂರುತ್ತೇವೆ. ಅಪ್ಪ ಒತ್ತುತ್ತಾರೆ, ಚಮಚ ಎಳೆಯುತ್ತಾರೆ. ನಾನು ಕತ್ತರಿಸಿ ಅಂಟಿಸುತ್ತೇನೆ. ಅಮ್ಮ ಬತ್ತಿ ಹೊಸೆದು, ನಾಲ್ಕು ನಾಲ್ಕು ಹೂವಿಟ್ಟು ಕಟ್ಟುತ್ತಾಳೆ. ಈ ದಸರಾಕ್ಕೆ ಪಟ್ಟದ ಗೊಂಬೆಗೆ ಈ ಮಾಲೆ ಅಂತ ಅವಳೇ ನಿರ್ಧರಿಸಿದ್ದಾಳೆ. ಒಂದು ಮೊಳಕ್ಕೆ ಎಷ್ಟು ಹೂವು ಅಂತ ಅವಳು ಎಣಿಸುವುದಿಲ್ಲ. ಮೊಣಕೈಯಿಂದ ಬೆರಳ ತುದಿಗೆ ಹಿಡಿದು ನೋಡುತ್ತಾಳೆ. ನಿನ್ನೆ ರಾತ್ರಿ ಹಿಡಿದಾಗ ಮಣಿಕಟ್ಟಿನವರೆಗೆ ಬಂದಿತ್ತು. ಕಿತ್ತಳೆ ಬಣ್ಣದ ಹಾಳೆ ಮುಗಿದಿದೆ, ತರಲು ಹೊರಟಿದ್ದೇನೆ. ಅಪ್ಪ ಆಗಲೇ ಪಂಚನ್ನು ಮೇಜಿನ ಎಡ ಅಂಚಿಗೆ ಎಳೆದುಕೊಂಡು ಕೂತಿದ್ದಾರೆ.